ಕೆ-ಡ್ರಾಮಾ ನೋಡೋರೇ, ಆ ‘ಯೊ’ ಕಡೆ ಸ್ವಲ್ಪ ಕಿವಿ ಕೊಡಿ

ಕೊರಿಯನ್ ಸೀರಿಯಲ್‌ಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಜಗಳ ಇದೆ. ರಸ್ತೆಯಲ್ಲಿ ಎರಡು ಕಾರು ತಾಕಿರುತ್ತವೆ, ಇಬ್ಬರೂ ಇಳಿದು ಕೂಗಾಡುತ್ತಾರೆ. ಅರ್ಧ ನಿಮಿಷದಲ್ಲಿ ಕಾರು ಮರೆತೇ ಹೋಗುತ್ತದೆ. ಒಬ್ಬ ಕಣ್ಣು ಕೆಂಪಗೆ ಮಾಡಿ ಕೇಳುತ್ತಾನೆ: ‘ವೇ ಬಾನ್ಮರಿಯಾ?’ ಇಂಗ್ಲಿಷ್ ಸಬ್‌ಟೈಟಲ್ ಇದನ್ನು ‘ಯಾಕಿಷ್ಟು ಒರಟು’ ಅನ್ನುವ ಅರ್ಥಕ್ಕೆ ಇಳಿಸಿ ಮುಂದೆ ಹೋಗುತ್ತದೆ. ಆದರೆ ಅವನು ಕೇಳಿದ್ದು, ‘ಯಾಕೋ ಏಕವಚನ?’ ಅಂತ. ಕೇಳಿದ್ದೂ ಏಕವಚನದಲ್ಲೇ ಅನ್ನೋದು ಬೇರೆ ಮಾತು.

ಮೆಜೆಸ್ಟಿಕ್‌ನಲ್ಲಿ ಇಂಥ ಜಗಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಬಾನ್ಮಲ್’ ಅಂದರೆ ಅಕ್ಷರಶಃ ಅರ್ಧ ಮಾತು, ನಮ್ಮ ಏಕವಚನ. ಅದರ ಎದುರಿನದು ‘ಜೊಂದೆನ್ಮಲ್’, ನಮ್ಮ ಬಹುವಚನ. ಎಲ್ಲರಿಗೂ ಒಂದೇ ‘ಯೂ’ ಇರುವ ಇಂಗ್ಲಿಷಿನಲ್ಲಿ ಇದನ್ನು ತರಲು ಜಾಗವೇ ಇಲ್ಲ. ಕನ್ನಡದ ಕಿವಿಗೆ ಆ ಜಾಗ ಹುಟ್ಟಿನಿಂದಲೇ ಇದೆ, ಎಲ್ಲಿ ಕೇಳಬೇಕು ಅಂತ ಗೊತ್ತಾದರೆ ಸಾಕು.

ಕೇಳಬೇಕಾದ್ದು ವಾಕ್ಯದ ಬಾಲದಲ್ಲಿ. ಕೊರಿಯನ್‌ನಲ್ಲೂ ನಮ್ಮ ಹಾಗೆಯೇ ಕ್ರಿಯಾಪದ ಕೊನೆಗೆ ಬರುತ್ತದೆ, ಮರ್ಯಾದೆಯೂ ಅಲ್ಲೇ ಅಂಟಿಕೊಂಡಿರುತ್ತದೆ. ಕೊನೆಯಲ್ಲಿ ‘ಯೊ’ ಕೇಳಿದರೆ ಬಹುವಚನ, ‘ಯೊ’ ಕತ್ತರಿಸಿ ನಿಂತರೆ ಏಕವಚನ. ‘ಸುಮ್ನಿದಾ’ ಅಂತ ಮುಗಿದರೆ ಇನ್ನೊಂದು ಮೆಟ್ಟಿಲು ಮೇಲೆ: ಸೈನ್ಯ, ವಾರ್ತೆ, ಆಫೀಸಿನ ಮೀಟಿಂಗ್. (ನಮ್ಮ ‘ಸುಮ್ನಿರು’ಗೂ ಅದಕ್ಕೂ ನಂಟಿಲ್ಲ.) ಇಂಗ್ಲಿಷ್ ಸಾಲು ಓದುವವರಿಗೆ ಇದು ತಪ್ಪಿಹೋಗುವ ಕಾರಣ ಸರಳ. ಪಾತ್ರ ಮಾತು ಮುಗಿಸುವ ಹೊತ್ತಿಗೆ ನಮ್ಮ ಕಣ್ಣು ಸಾಲು ಓದಿ ಮುಗಿಸಿರುತ್ತದೆ, ಕಿವಿ ಬಾಗಿಲು ಹಾಕಿಕೊಂಡಿರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ಇದು ಸಿಕ್ಕರೆ ಅರ್ಧ ಕೊರಿಯನ್ ಸಿಕ್ಕ ಹಾಗೆ. ಮರ್ಯಾದೆ ಎರಡು ಕಡೆಗೆ ಹೋಗುತ್ತದೆ: ಯಾರ ಬಗ್ಗೆ ಮಾತಾಡುತ್ತಿದ್ದೇವೋ ಅವರಿಗೆ ಒಂದು, ಯಾರ ಜೊತೆ ಮಾತಾಡುತ್ತಿದ್ದೇವೋ ಅವರಿಗೆ ಇನ್ನೊಂದು. ‘ಮೇಷ್ಟ್ರು ಬಂದ್ರು ಕಣೋ’ ಅನ್ನುವಾಗ ‘ಬಂದ್ರು’ ಮೇಷ್ಟ್ರಿಗೆ, ‘ಕಣೋ’ ಗೆಳೆಯನಿಗೆ. ಕೊರಿಯನ್‌ನಲ್ಲಿ ಇದು ‘ಸೊನ್ಸೆಂಗ್ನಿಮಿ ಒಶ್ಯೊಸ್ಸೊ’. ಅದೇ ಸುದ್ದಿಯನ್ನು ಅಪರಿಚಿತರಿಗೆ ಹೇಳಿದರೆ ‘ಒಶ್ಯೊಸ್ಸೊಯೊ’, ‘ಮೇಷ್ಟ್ರು ಬಂದ್ರು ರೀ’. ಬಂದವನು ತಮ್ಮನಾದರೆ ಗೆಳೆಯನಿಗೆ ‘ದೊಂಗ್‌ಸೆಂಗಿ ವಸ್ಸೊ’, ‘ತಮ್ಮ ಬಂದ ಕಣೋ’. ಹೊರಗಿನವರಿಗೆ ‘ವಸ್ಸೊಯೊ’, ‘ತಮ್ಮ ಬಂದ ರೀ’. ಕ್ರಿಯಾಪದದ ನಡುವೆ ಸೇರುವ ‘ಶಿ’ ನಮ್ಮ ‘ಅರು’ವಿನ ಕೆಲಸ ಮಾಡುತ್ತದೆ, ಕೊನೆಯ ‘ಯೊ’ ನಮ್ಮ ‘ರೀ’ ಕೆಲಸ. ಇಂಗ್ಲಿಷ್ ಮೂಲಕ ಕೊರಿಯನ್ ಕಲಿಯುವವರು ಇದಕ್ಕೆ ಪಾಠಗಟ್ಟಲೆ ಒದ್ದಾಡುತ್ತಾರೆ.

ಕೈಯಾರೆ ಮಾಡಿ ನೋಡುವವರಿಗೆ ಒಂದು ಕ್ರಮ. ಒಮ್ಮೆ ನೋಡಿ ಕತೆ ಗೊತ್ತಾದ ಎಪಿಸೋಡಿನಿಂದ 3 ನಿಮಿಷದ, ಇಬ್ಬರೇ ಇರುವ ದೃಶ್ಯ ಆರಿಸಿ. ಆಡಿಯೋ ಕೊರಿಯನ್‌ನಲ್ಲೇ ಇರಲಿ, ಡಬ್ಬಿಂಗ್ ಬೇಡ. ಸಬ್‌ಟೈಟಲ್ ಆಫ್ ಮಾಡಿ. ಮೊದಲ ಸಲ ಒಂದು ಪಾತ್ರದ ವಾಕ್ಯಗಳ ಬಾಲ ಮಾತ್ರ ಕೇಳಿ, ‘ಯೊ’ ಅಥವಾ ‘ಸುಮ್ನಿದಾ’ ಇದ್ದರೆ ಹಾಳೆಯ ಮೇಲೆ ಒಂದು ಗೀಟು, ಇಲ್ಲದಿದ್ದರೆ ಒಂದು ಸೊನ್ನೆ. ಎರಡನೇ ಸಲ ಇನ್ನೊಂದು ಪಾತ್ರ. ಅನುಮಾನ ಬಂದ ಕಡೆ 10 ಸೆಕೆಂಡ್ ಹಿಂದಕ್ಕೆ ಹೋಗಿ. ಒಬ್ಬರದು ಬರೀ ಗೀಟು, ಇನ್ನೊಬ್ಬರದು ಬರೀ ಸೊನ್ನೆ ಬಂದರೆ ಮೇಲು-ಕೆಳಗು ಗೊತ್ತಾಯಿತು. ಒಬ್ಬರದೇ ಸಾಲಿನಲ್ಲಿ ಗೀಟು-ಸೊನ್ನೆ ಕಲಸಿಕೊಂಡಿದ್ದರೆ ನೀವು ತಪ್ಪು ಕೇಳಿದಿರಿ ಅಂತಲ್ಲ. ಅದಕ್ಕೆ ‘ಬಾನ್ಜೊಂದೆ’ ಅಂತ ಹೆಸರೇ ಇದೆ, ಪ್ರೀತಿ ಶುರುವಾಗುವ ಹಂತದ ಹೀರೋಗಳು ಮಾತಾಡುವುದೇ ಹಾಗೆ.

ಮೋಸ ಹೋಗುವುದು ‘ಯಾ’ ವಿಷಯದಲ್ಲಿ. ಒಂಟಿಯಾಗಿ, ಜೋರಾಗಿ ಬಂದ ‘ಯಾ!’ ಅಂದರೆ ‘ಲೇ!’. ವಾಕ್ಯದ ಕೊನೆಯ ‘ಯಾ’ ‘ಆಗಿದೆ’ ಅನ್ನುವುದರ ಏಕವಚನ. ಹೆಸರಿನ ಹಿಂದೆ ಬಂದರೆ ಕರೆಯುವ ಪ್ರತ್ಯಯ: ಸ್ವರದಲ್ಲಿ ಮುಗಿಯುವ ಹೆಸರಿಗೆ ‘ಯಾ’, ವ್ಯಂಜನದಲ್ಲಿ ಮುಗಿಯುವುದಕ್ಕೆ ‘ಆ’. ಹಾಗಾಗಿ ಕೊರಿಯದ ಹಾಡುಗಾರ ತಂಡ ಬಿಟಿಎಸ್‌ನ ಜಿಮಿನ್, ಕರೆಯುವಾಗ ‘ಜಿಮಿನಾ’ ಆಗುತ್ತಾನೆ. ಅವನ ಹೆಸರೇ ಜಿಮಿನಾ ಅಂದುಕೊಂಡ ಹೊಸ ಅಭಿಮಾನಿಗಳು ಬಹಳ.

‘ಶಿ’ ಇನ್ನೊಂದು ಕುಣಿಕೆ. ಇದು ಕ್ರಿಯಾಪದದ ‘ಶಿ’ ಅಲ್ಲ, ಹೆಸರಿನ ಹಿಂದಿನದು. ‘ಅವರೇ’ ಅಂತ ಅರ್ಥ ಮಾಡಿಕೊಂಡು ಎಲ್ಲರಿಗೂ ಹಚ್ಚಬೇಡಿ. ಪೂರ್ಣ ಹೆಸರಿಗೋ ಸ್ವಂತ ಹೆಸರಿಗೋ ಹಚ್ಚಿದರೆ ಸರಿ. ಬರೀ ಮನೆತನದ ಹೆಸರಿಗೆ ಹಚ್ಚಿ ‘ಕಿಮ್ ಶಿ’ ಅಂದರೆ ಕೆಳಗಿಟ್ಟು ಮಾತಾಡಿದ ಹಾಗೆ. ಮೇಲಿನವರಿಗೆ ‘ನಿಮ್’ ಅನ್ನುವ ಪ್ರತ್ಯಯ ಬೇಕು. ನಿಘಂಟಿನಲ್ಲಿ ‘ನೀವು’ ಅಂತ ಕೊಟ್ಟಿರುವ ‘ದಾಂಗ್‌ಶಿನ್’ ಇನ್ನೂ ಅಪಾಯ. ಎದುರೆದುರು ಅದನ್ನು ಬಳಸುವವರು ಹೆಚ್ಚಾಗಿ ಗಂಡ-ಹೆಂಡತಿ, ಇಲ್ಲವೇ ಜಗಳಕ್ಕೆ ನಿಂತವರು.

ನಂಟಿನ ಪದಗಳಿಗೆ ಬಂದರೆ ಕೆಲವು ಕಡೆ ನಾವು ಒಂದೇ ಬಳ್ಳಿ. ಇಂಗ್ಲಿಷಿನ ‘ಆಂಟ್’ ಕೊರಿಯನ್‌ನಲ್ಲಿ ಅಮ್ಮನ ಕಡೆ ‘ಇಮೊ’, ಅಪ್ಪನ ಕಡೆ ‘ಗೊಮೊ’, ಅಂದರೆ ನಮ್ಮ ಚಿಕ್ಕಮ್ಮ-ದೊಡ್ಡಮ್ಮ ಒಂದು ಕಡೆ, ಸೋದರತ್ತೆ ಇನ್ನೊಂದು ಕಡೆ. ‘ಅಜುಮ್ಮಾ’ ಅಂತ ಕರೆಸಿಕೊಂಡ ಹೆಂಗಸು ಮುಖ ಸಿಂಡರಿಸುವುದು, ಬೆಂಗಳೂರಿನಲ್ಲಿ ‘ಆಂಟಿ’ ಅನ್ನಿಸಿಕೊಂಡವರು ಸಿಂಡರಿಸುವ ಹಾಗೆಯೇ. ದಾರಿ ಬೇರೆಯಾಗುವುದು ಅಣ್ಣ-ಅಕ್ಕನಲ್ಲಿ. ಅಲ್ಲಿ ಕರೆಯುವವರು ಗಂಡೋ ಹೆಣ್ಣೋ ಅನ್ನುವುದೂ ಲೆಕ್ಕ. ಅಣ್ಣನಿಗೆ ತಮ್ಮ ‘ಹ್ಯಂಗ್’ ಅನ್ನುತ್ತಾನೆ, ತಂಗಿ ‘ಒಪ್ಪಾ’. ಅಕ್ಕನಿಗೆ ತಮ್ಮ ‘ನೂನಾ’, ತಂಗಿ ‘ಒನ್ನಿ’. ಹುಡುಗರು ಬಿಟಿಎಸ್‌ನವರನ್ನು ‘ಒಪ್ಪಾ’ ಅಂತ ಕೂಗಿದರೆ ಕೊರಿಯದವರು ನಗುತ್ತಾರೆ. ಮತ್ತೆ, ‘ಒಪ್ಪಾ’ ಪ್ರೇಮಿಗೂ ನಡೆಯುತ್ತದೆ. ನಮ್ಮಲ್ಲಿ ಹುಡುಗಿ ‘ಅಣ್ಣಾ’ ಅಂದರೆ ಅಲ್ಲಿಗೆ ಕತೆ ಮುಗಿದು ರಾಖಿ ಬಂತು ಅಂತ ಅರ್ಥ, ಅವರಲ್ಲಿ ಎಷ್ಟೋ ಕತೆ ಶುರುವಾಗುವುದೇ ಅಲ್ಲಿಂದ. ಒಪ್ಪಾ, ನೂನಾ, ಒನ್ನಿ ಮೂರೂ 2021ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸೇರಿದವು.

ಇದಕ್ಕೆಲ್ಲ ವಯಸ್ಸಿನಲ್ಲಿ ಒಂದೇ ವರ್ಷದ ಅಂತರ ಸಾಕು. 2023ರ ಜೂನ್ 28ರಿಂದ ಅಲ್ಲಿನ ಕಾನೂನು ಬೇರೆ ದೇಶಗಳಂತೆಯೇ ವಯಸ್ಸು ಎಣಿಸುತ್ತದೆ. ಮಾತಿನಲ್ಲಿ ಮಾತ್ರ ಜನ ಈಗಲೂ ಹುಟ್ಟಿದ ವರ್ಷ ಕೇಳುತ್ತಾರೆ. ಬಿಟಿಎಸ್‌ನ ನಾಯಕ ಆರ್‌ಎಂ 1994ರವನು, ಜಿನ್ 1992ರವನು. ನಾಯಕನೇ ಜಿನ್‌ಗೆ ‘ಹ್ಯಂಗ್’ ಅನ್ನಬೇಕು. 1997ರ ಜಂಗ್‌ಕುಕ್ ‘ಮಂಗ್ನೆ’, ಮನೆಯ ಕಿರಿಯ ಮಗ, ಅವನಿಗೆ ಆರೂ ಜನ ಅಣ್ಣಂದಿರು. ವೆರೈಟಿ ಶೋಗಳ ‘ಯಾಜಾ ಟೈಮ್’ ಆಟದಲ್ಲಿ ಸ್ವಲ್ಪ ಹೊತ್ತು ಇದೆಲ್ಲ ತಲೆಕೆಳಗು, ಕಿರಿಯರು ಹಿರಿಯರಿಗೆ ಏಕವಚನದಲ್ಲಿ ಬಾಯಿಗೆ ಬಂದದ್ದು ಹೇಳಬಹುದು. ಸಬ್‌ಟೈಟಲ್ ನಂಬಿ ನೋಡಿದರೆ ಎಲ್ಲರೂ ಯಾಕೆ ಬಿದ್ದು ಬಿದ್ದು ನಗುತ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ.

ಹಿರಿಯರು ತಾವಾಗಿ ಗೋಡೆ ತೆಗೆಯುವ ದೃಶ್ಯಗಳೂ ಇವೆ. ‘ಮಾಲ್ ನೊಹ್ತಾ’ ಅಂದರೆ ಮಾತನ್ನು ಕೆಳಗಿಡುವುದು, ನಾವು ‘ಬಹುವಚನ ಬಿಟ್ಟುಬಿಡಿ’ ಅನ್ನುತ್ತೇವಲ್ಲ, ಅದು. ಅದನ್ನು ಮೊದಲು ಎತ್ತುವ ಹಕ್ಕು ಸಾಮಾನ್ಯವಾಗಿ ದೊಡ್ಡವರದು. ‘ನನಗೆ ಏಕವಚನ ಸಾಕು’ ಅಂತ ಚಿಕ್ಕವರು ಹೇಳಬಹುದು, ‘ನಿಮಗೂ ಏಕವಚನ ಅನ್ನಲಾ’ ಅಂತ ಕೇಳಿದರೆ ಅಧಿಕಪ್ರಸಂಗ.

ಒಂದೇ ಒಂದು ಜಾಗ ಮತ್ತೆ ನೋಡುವುದಾದರೆ ‘ಸ್ಕ್ವಿಡ್ ಗೇಮ್’ ಮೊದಲ ಸೀಸನ್ನಿನ ಅಲಿಯ ಭಾಗ ನೋಡಿ (ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ). ಪಾಕಿಸ್ತಾನದಿಂದ ಬಂದ ಕೂಲಿಯಾಳಿನ ಪಾತ್ರ, ಮಾಡಿದವರು ದೆಹಲಿ ಮೂಲದ ಅನುಪಮ್ ತ್ರಿಪಾಠಿ. ಅಲಿ ಎಲ್ಲರಿಗೂ ‘ಸಾಜಾಂಗ್ನಿಮ್’ ಅನ್ನುತ್ತಾನೆ. ಧಣಿ ಅಂತ. ಕಾರ್ಖಾನೆಯಲ್ಲಿ ಕಲಿತ ಕೊರಿಯನ್ ಅದು. ಜೊತೆಗೆ ಆಡುವ ಸಾಂಗ್‌ವೂ ಅವನಿಗೆ, ‘ಧಣಿ ಅನ್ನಬೇಡ, ಹ್ಯಂಗ್ ಅನ್ನು’ ಅನ್ನುತ್ತಾನೆ. ಪರದೇಶದಲ್ಲಿ ಒಬ್ಬ ಅಣ್ಣ ಸಿಕ್ಕ. ಇಂಗ್ಲಿಷ್ ಸಾಲಿನಲ್ಲಿ ಇದು ‘ಹೆಸರು ಹಿಡಿದು ಕರಿ’ ಅಂತ ಸಪ್ಪಗಾಗಿದೆ. ಮುಂದೆ ಗೋಲಿ ಆಟದಲ್ಲಿ ಸಾಂಗ್‌ವೂ ಅವನ ಚೀಲಕ್ಕೆ ಗೋಲಿ ಬದಲು ಕಲ್ಲು ತುಂಬಿ ಕಳಿಸಿ ಮಾಯವಾದ ಮೇಲೆ ಅಲಿ ಅವನನ್ನು ಹುಡುಕುತ್ತ ಕೂಗುತ್ತಾನೆ, ಆ ‘ಹ್ಯಂಗ್’ ಕಿವಿಗೆ ಬೀಳಲಿ.