ಕೈಪಿಡಿ ಹಳೇದು, ಬೈಸಿಕೊಂಡಿದ್ದು ಮಳೆ

ಸಂದೇಶ, ಫೈಲುಗಳಿಗೆ ಬೀಗ ಹಾಕಿ ಕಳಿಸುವ ಗ್ನೂಪಿಜಿ ಅನ್ನುವ ಸಾಫ್ಟ್‌ವೇರ್ ಬಳಸುವುದು ಹೇಗೆ ಅಂತ ಕನ್ನಡದಲ್ಲಿ ಬರೆದ ಒಂದು ಕೈಪಿಡಿ ನಮ್ಮ ಹಾಸನದ ಗೆಳೆಯರ ನಡುವೆ ವರ್ಷಗಳಿಂದ ಓಡಾಡುತ್ತಿದೆ. ಬರೆದವರು ಯಾರೋ ಗೊತ್ತಿಲ್ಲ, ಬರವಣಿಗೆ ಮಾತ್ರ ಚೆನ್ನಾಗಿದೆ. ಆದರೆ ಸಾಫ್ಟ್‌ವೇರ್ ಮುಂದೆ ಹೋಗಿದೆ, ಕೈಪಿಡಿ ಅಲ್ಲೇ ನಿಂತಿದೆ. ಈಗ ಅದನ್ನು ತಿದ್ದುತ್ತಾ ಕೂತಿದ್ದೇನೆ.

ಸಕಲೇಶಪುರದ ವಕೀಲರೊಬ್ಬರು ಕಕ್ಷಿದಾರರ ಕಾಗದಪತ್ರ ಕಳಿಸೋಕೆ ಅಂತ ಇದನ್ನು ಕಲಿಯುತ್ತಿದ್ದರು. "ಸಾರ್, ಕೀ ಇಳೀತಾನೇ ಇಲ್ಲ, ಮಳೆಗೆ ನೆಟ್ ಹೋಗಿದೆ ಅನ್ಸುತ್ತೆ" ಅಂತ ಫೋನ್ ಮಾಡಿದರು. ಅವರಿಗೆ ಬೇಕಿದ್ದದ್ದು ಎದುರಿನವರ ಸಾರ್ವಜನಿಕ ಕೀ, ಅದರಿಂದಲೇ ಬೀಗ ಹಾಕೋದು; ತೆಗೆಯೋದು ಅವರವರ ಖಾಸಗಿ ಕೀಯಿಂದ. ನೆಟ್ ಸರಿಯಾಗೇ ಇತ್ತು. ಸಾರ್ವಜನಿಕ ಕೀಗಳನ್ನು ಹಂಚುತ್ತಿದ್ದ, ಕೈಪಿಡಿ ಹೇಳಿದ ಎಸ್‌ಕೆಎಸ್ ಕೀ ಸರ್ವರ್‌ಗಳ ಪೂಲ್ (ಗುಂಪು) 2021ರಲ್ಲೇ ಮುಚ್ಚಿಹೋಗಿದೆ, ಇಲ್ಲದ ಬಾಗಿಲು ತಟ್ಟಿದರೆ ಯಾರು ತೆಗೀತಾರೆ? ಓದುವವರು ಮಳೆಯನ್ನು ಬೈತಾರೆ, ಇಲ್ಲಾ ತಮ್ಮನ್ನೇ ಬೈಕೊಳ್ತಾರೆ. ಕೈಪಿಡಿ ತಪ್ಪಿರಬಹುದು ಅಂತ ಯಾರಿಗೂ ಹೊಳೆಯಲ್ಲ.

ಈಗ ಅದೇ ಕೆಲಸಕ್ಕೆ ಕೀಸ್ ಡಾಟ್ ಓಪನ್‌ಪಿಜಿಪಿ ಡಾಟ್ ಆರ್ಗ್ ಅನ್ನುವ ಕೀ ಸರ್ವರ್ ಇದೆ, 2019ರಲ್ಲಿ ಶುರುವಾಗಿದ್ದು. ಅಲ್ಲೂ ಒಂದು ವಿಷಯ ಬರೆಯಲೇಬೇಕು: ಕೀಯ ಒಡೆಯರು ತಮ್ಮ ಇಮೇಲ್ ಖಚಿತಪಡಿಸದಿದ್ದರೆ ಇಮೇಲ್ ಹಾಕಿ ಹುಡುಕಿದರೆ ಏನೂ ಸಿಗಲ್ಲ.

ಇಷ್ಟಾದರೂ ಪರವಾಗಿಲ್ಲ, ಕೆಲಸ ಆಗಲಿಲ್ಲ ಅಂತ ಕಣ್ಣಿಗೆ ಕಾಣುತ್ತೆ. ನನಗೆ ಜಾಸ್ತಿ ಭಯ ಇರುವುದು ಕೆಲಸ ಆದಂತೆ ಕಾಣುವ ಸಾಲುಗಳ ಬಗ್ಗೆ. ಖಾಸಗಿ ಕೀಯ ಬ್ಯಾಕಪ್‌ಗೆ ಸೆಕ್‌ರಿಂಗ್ ಅನ್ನುವ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ ಅಂತ ಕೈಪಿಡಿ ಹೇಳುತ್ತದೆ. 2014ರಲ್ಲಿ ಬಂದ 2.1 ಆವೃತ್ತಿಯಿಂದ ಆ ಫೈಲ್ ಬಳಕೆಯಲ್ಲೇ ಇಲ್ಲ, ಖಾಸಗಿ ಕೀಗಳು ಬೇರೆ ಫೋಲ್ಡರಿಗೆ ಹೋಗಿವೆ. ಆದರೆ ಹಳೇ ಕಂಪ್ಯೂಟರಿನಲ್ಲಿ ಅಪ್‌ಗ್ರೇಡ್ ಮಾಡಿಕೊಂಡವರ ಹತ್ತಿರ ಆ ಫೈಲ್ ಸುಮ್ನೆ ಹಾಗೇ ಬಿದ್ದಿರುತ್ತದೆ. ಅವರು ಶ್ರದ್ಧೆಯಿಂದ ಅದನ್ನು ಕಾಪಿ ಮಾಡಿ ಬೀರುವಿನಲ್ಲಿ ಇಡುತ್ತಾರೆ, ಒಂದು ದಿನ ಹಾರ್ಡ್‌ಡಿಸ್ಕ್ ಕೆಡುತ್ತದೆ, ಆಮೇಲೆ ಮಾಡಿಕೊಂಡ ಹೊಸ ಕೀ ಅದರಲ್ಲಿ ಇರುವುದೇ ಇಲ್ಲ, ಆ ಕೀಗೆ ಬಂದ ಸಂದೇಶಗಳು ಮತ್ತೆ ತೆರೆಯುವುದೇ ಇಲ್ಲ. ಆ ಪುಟವನ್ನೇ ಕಿತ್ತುಹಾಕಿ, ಎಕ್ಸ್‌ಪೋರ್ಟ್ ಮಾಡುವ ದಾರಿ ಬರೆದೆ. ಬೇರೆ ಕಂಪ್ಯೂಟರಿಗೆ ಹಾಕಿ ಒಂದು ಸಂದೇಶ ಬಿಚ್ಚಿ ನೋಡಿ ಅಂತಲೂ ಸೇರಿಸಿದೆ, ಪರೀಕ್ಷೆ ಮಾಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ, ಅಲ್ವಾ?

ಇನ್ನೊಂದು, ಕೀ ಅವರದ್ದೇ ಹೌದಾ ಅಂತ ಎಂಟು ಅಕ್ಷರದ ಕೀ ಐಡಿ, ಅಂದರೆ ಕೀಯ ಚಿಕ್ಕ ಗುರುತು ನೋಡಿ ಖಚಿತ ಮಾಡಿಕೊಳ್ಳಿ ಅನ್ನುವ ಸಾಲು. ಅದೇ ಎಂಟು ಅಕ್ಷರ ಬರುವ ನಕಲಿ ಕೀ ತಯಾರಿಸುವುದು ಈಗ ಕಷ್ಟವಲ್ಲ. ಕೀಯ ಉದ್ದನೆಯ ಗುರುತಾದ ನಲವತ್ತು ಅಕ್ಷರದ ಫಿಂಗರ್‌ಪ್ರಿಂಟ್ ಪೂರ್ತಿ ಓದಿ ಹೋಲಿಸಿ, ಅದೂ ಎದುರಿಗೆ ಇಲ್ಲಾ ಫೋನಿನಲ್ಲಿ. ಬೇಜಾರಾಗುತ್ತೆ, ಗೊತ್ತು.

ಕೀ ರದ್ದು ಮಾಡುವ ಪ್ರಮಾಣಪತ್ರವನ್ನು ಹೊಸ ಆವೃತ್ತಿಗಳು ತಾವೇ ಮಾಡಿಡುತ್ತವೆ. ಅದರೊಳಗೆ ಸಣ್ಣ ಅಡ್ಡಗೋಲು ಇದೆ: ಅಪ್ಪಿತಪ್ಪಿ ಬಳಸದಿರಲಿ ಅಂತ ಅಡ್ಡಗೆರೆಗಳ ಮುಂದೆ ಒಂದು ಕೋಲನ್ (:) ಹಾಕಿರುತ್ತಾರೆ. ನಿಜವಾಗಿ ಬೇಕಾದಾಗ ಅದನ್ನು ಅಳಿಸಬೇಕು. ಕೀ ಕಳವಾದ ಗಾಬರಿಯಲ್ಲಿ ಇದು ಯಾರಿಗೆ ಹೊಳೆಯುತ್ತೆ ಹೇಳಿ?

ಮೇಲ್‌ನ ವಿಷಯದ ಸಾಲಿನ (ಸಬ್ಜೆಕ್ಟ್) ಬಗ್ಗೆ ಕೈಪಿಡಿ ಮಾತೇ ಆಡಿಲ್ಲ. ಕೆಲವು ಮೇಲ್ ತಂತ್ರಾಂಶಗಳು ಅದನ್ನು ಮುಚ್ಚುತ್ತವೆ, ಎಲ್ಲವೂ ಅಲ್ಲ. ನಮ್ಮ ವಕೀಲರು ಅಲ್ಲೇ ಕೇಸ್ ನಂಬರು, ಕಕ್ಷಿದಾರರ ಹೆಸರು ಎರಡನ್ನೂ ಬರೆಯುತ್ತಿದ್ದರು. ಒಳಗಿನ ಕಾಗದಕ್ಕೆ ಬೀಗ, ಮೇಲೆ ಎಲ್ಲಾ ಬಟಾಬಯಲು.

ತಿದ್ದಿದ ಪ್ರತಿಯ ಮೊದಲ ಪುಟದಲ್ಲೇ ಯಾವ ಆವೃತ್ತಿಯಲ್ಲಿ, ಯಾವ ತಿಂಗಳು ಪರೀಕ್ಷಿಸಿದ್ದು ಅಂತ ಹಾಕಿದ್ದೇನೆ. ಹಳೇ ಪ್ರತಿ ಇದ್ದವರು ದಯವಿಟ್ಟು ಅಳಿಸಿ, ಮುಂದಕ್ಕೆ ಯಾರಿಗೂ ಕಳಿಸಬೇಡಿ.