ಕೆಂಚನಿಲ್ಲದ ತೊಟ್ಟಿ: ಯುಗಾದಿಯಿಂದ ಮುಂಗಾರಿನವರೆಗೆ

ಈ ಸಲದ ಬರಹದಲ್ಲಿ ಹೊಸ ಮೀನೂ ಇಲ್ಲ, ಹೊಸ ಫಿಲ್ಟರೂ ಇಲ್ಲ. ಇರುವುದು ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಹಳೆಯ ಗಾಜಿನ ತೊಟ್ಟಿ. ಅಂಚಿನವರೆಗೆ ತುಂಬಿದರೆ ಸುಮಾರು 190 ಲೀಟರ್ ಹಿಡಿಯುತ್ತದೆ. ನೀರಿದೆ, ಫಿಲ್ಟರ್ ಓಡುತ್ತಿದೆ, ಗಾಜಿಗೆ ನಾಲ್ಕಾರು ಬಸವನಹುಳುಗಳು ಅಂಟಿಕೊಂಡಿವೆ. ಕೆಂಚ ಮಾತ್ರ ಯುಗಾದಿಗೆ ಮುಂಚೆ ಹೋದ. ಆಮೇಲೆ ತೊಟ್ಟಿಗೆ ಏನೇನು ಮಾಡಿದೆ, ಬೇಕೆಂದೇ ಏನೇನು ಮಾಡಲಿಲ್ಲ ಎಂಬುದನ್ನು ಬರೆದಿಡುತ್ತಿದ್ದೇನೆ.

ಕೆಂಚನೆಂದರೆ ಗೋಲ್ಡ್ ಫಿಷ್. ಒರಾಂಡಾ, ರಂಚು ಎಂಬ ದುಬಾರಿ ತಳಿಯಲ್ಲ; ಉದ್ದ ಮೈ, ಒಂಟಿ ಬಾಲ, ಮಾಗಿದ ಕಿತ್ತಳೆಯ ಬಣ್ಣ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯಿಂದ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬಂದವನು. ಆ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಅವನು ಬಂದ ಮೇಲೆ ಇನ್ನೂ ಮೂರು ಜಾತ್ರೆಗಳು ಆದವು. "ಜಾತ್ರೆಯ ಮೀನು, ವಾರ ಬಾಳಿದರೆ ಹೆಚ್ಚು" ಎಂದಿದ್ದ ಅವ್ವನೇ ಆಮೇಲೆ ಅವನಿಗೆ ಬೇಯಿಸಿದ ಬಟಾಣಿಯ ಸಿಪ್ಪೆ ಸುಲಿದು ತಿನ್ನಿಸುತ್ತಿದ್ದಳು. ಗೋಲ್ಡ್ ಫಿಷ್ ಅಲ್ಪಾಯುಷಿ ಎನ್ನುವುದು ಬರೀ ಬಾಯಿಮಾತು. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯ ಆಟವೊಂದರಲ್ಲಿ ಬಹುಮಾನವಾಗಿ ಸಿಕ್ಕ ಟಿಶ್ ಎಂಬ ಮೀನು 1999ರವರೆಗೆ, 43 ವರ್ಷ ಬದುಕಿ ಗಿನ್ನೆಸ್ ದಾಖಲೆ ಸೇರಿತು. ಅಂಗೈಯಗಲದ ಬಟ್ಟಲಿನಲ್ಲಿ ಇಟ್ಟು ಸಾಯಿಸುವವರು ಹಬ್ಬಿಸಿದ ಮಾತು ಅದು.

ಫೆಬ್ರವರಿ ಕೊನೆ

ಮೊದಲು ಕಂಡದ್ದು ಹೊಟ್ಟೆಯ ಉಬ್ಬು. ಮಲಬದ್ಧತೆ ಇರಬಹುದೆಂದು ಉಪವಾಸ ಹಾಕಿ, ಬಟಾಣಿ ಕೊಟ್ಟು ನೋಡಿದೆ. ಉಬ್ಬು ಇಳಿಯಲಿಲ್ಲ. ಒಂದು ಬೆಳಗ್ಗೆ ಮೇಲಿನಿಂದ ಬಗ್ಗಿ ನೋಡಿದಾಗ ಮೈಮೇಲಿನ ಚಿಪ್ಪುಗಳೆಲ್ಲ ಬುಡದಿಂದ ಎದ್ದು ನಿಂತಿದ್ದವು. ಪ್ರತಿ ಚಿಪ್ಪಿನ ಕೆಳಗೂ ಗೆರೆ ಎಳೆದಂತೆ ಸಣ್ಣ ನೆರಳು. ಅದನ್ನು ಕಂಡ ಮೇಲೆ ಪುಸ್ತಕ ತೆರೆಯುವ ಅಗತ್ಯ ಇರಲಿಲ್ಲ. ಮೀನು ಸಾಕುವವರು ಇದನ್ನು ಡ್ರಾಪ್ಸಿ ಎನ್ನುತ್ತಾರೆ.

ಡ್ರಾಪ್ಸಿ ರೋಗದ ಹೆಸರಲ್ಲ, ರೋಗ ಕೊನೆಗೆ ತೋರಿಸುವ ಲಕ್ಷಣ. ಸಿಹಿನೀರಿನ ಮೀನಿನ ಮೈಯಲ್ಲಿ ಉಪ್ಪಿನಂಶ ಹೊರಗಿನ ನೀರಿಗಿಂತ ಹೆಚ್ಚು. ಹಾಗಾಗಿ ಕಿವಿರು, ಚರ್ಮಗಳ ಮೂಲಕ ನೀರು ಹಗಲಿರುಳು ಒಳಗೆ ನುಗ್ಗುತ್ತಲೇ ಇರುತ್ತದೆ. ಅದನ್ನು ತೆಳುವಾದ ಮೂತ್ರವಾಗಿ ಹೊರಹಾಕುವುದು ಮೂತ್ರಪಿಂಡದ ಕೆಲಸ. ಮೂತ್ರಪಿಂಡ ಕೈಕೊಟ್ಟರೆ ನೀರು ಒಳಗೇ ನಿಂತು ಹೊಟ್ಟೆ ಉಬ್ಬುತ್ತದೆ, ಚಿಪ್ಪು ಎದ್ದು ನಿಲ್ಲುತ್ತದೆ. ಅಷ್ಟರೊಳಗೆ ಬಹುಪಾಲು ಕಾಲ ಮಿಂಚಿರುತ್ತದೆ.

ಔಷಧದ ಅಂಗಡಿಯಿಂದ ಎಪ್ಸಮ್ ಉಪ್ಪು, ಅಂದರೆ ಮೆಗ್ನೀಸಿಯಮ್ ಸಲ್ಫೇಟ್ ತಂದು ಬೇರೆ ಟಬ್ಬಿನಲ್ಲಿ ಅವನನ್ನು ಇಟ್ಟೆ. ಒಳಗೆ ತುಂಬಿದ ನೀರನ್ನು ಅದು ಸ್ವಲ್ಪ ಎಳೆಯುತ್ತದೆ. ನಾನು ವಿಚಾರಿಸಿದ ಪಶುವೈದ್ಯರೊಬ್ಬರು ಹಸುವಿನದಾದರೆ ಹೇಳಬಲ್ಲೆ, ನಾಯಿಯದಾದರೆ ಹೇಳಬಲ್ಲೆ, ಮೀನಿನದು ನನ್ನ ಕೈಯಲ್ಲಾಗದು ಎಂದು ನೇರವಾಗಿ ಹೇಳಿದರು. ಗೊತ್ತಿಲ್ಲದ್ದಕ್ಕೆ ಚೀಟಿ ಬರೆದುಕೊಡದ ಅವರ ಬಗ್ಗೆ ನನಗೆ ಗೌರವ ಹೆಚ್ಚಿತು.

ಮಾರ್ಚ್

ಈ ಭಾಗ ಬೇಡವೆನ್ನುವವರು ಮುಂದಕ್ಕೆ ಹೋಗಬಹುದು. ಆದರೆ ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಕನ್ನಡದಲ್ಲಿ ಯಾರಾದರೂ ಬರೆದಿಡಲೇಬೇಕು.

ಕೆಂಚ ಮೇವು ಬಿಟ್ಟ. ಮಗ್ಗುಲಾಗಿ ಮಲಗಿ, ನೇರವಾಗಲು ಹೆಣಗಿ ಮತ್ತೆ ಮಗ್ಗುಲಾಗುತ್ತಿದ್ದ. "ತಾನಾಗಿಯೇ ಹೋಗಲಿ ಬಿಡು" ಎಂದರು ಮನೆಯಲ್ಲಿ. ನನಗೆ ಅದು ದಯೆ ಎನಿಸಲಿಲ್ಲ. ಜೀವಂತ ಮೀನನ್ನು ಫ್ರಿಜ್ಜಿನ ಮೇಲಂತಸ್ತಿಗೆ ಹಾಕುವವರಿದ್ದಾರೆ, ಚರಂಡಿಗೆ ಬಿಡುವವರೂ ಇದ್ದಾರೆ, ಎರಡೂ ಕ್ರೂರ. ಲವಂಗದ ಎಣ್ಣೆಯಲ್ಲಿರುವ ಯುಜೆನಾಲ್ ಮೀನಿಗೆ ಅರಿವಳಿಕೆ. ಹಲ್ಲುನೋವಿಗೆಂದು ಅವ್ವ ಇಟ್ಟುಕೊಂಡಿದ್ದ ಸೀಸೆ ಮನೆಯಲ್ಲೇ ಇತ್ತು. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲವಾದ್ದರಿಂದ ಮುಚ್ಚಳವಿರುವ ಚಿಕ್ಕ ಬಾಟಲಿಯಲ್ಲಿ ಬೆಚ್ಚನೆಯ ನೀರಿನೊಂದಿಗೆ ಹಾಲಿನ ಬಣ್ಣ ಬರುವವರೆಗೆ ಕುಲುಕಬೇಕು. ಮೊದಲು ಮೀನಿರುವ ನೀರಿಗೆ ಕೆಲವೇ ಹನಿಯಷ್ಟು ಬೆರೆಸಿ ಮೀನು ಪೂರ್ತಿ ಮಂಪರಾಗುವವರೆಗೆ ಕಾಯಬೇಕು. ಆಮೇಲೆ ಲೀಟರಿಗೆ ಅರ್ಧ ಮಿಲಿಲೀಟರ್ ಎಣ್ಣೆಯ ಲೆಕ್ಕಕ್ಕೆ ತರಬೇಕು. ಕಿವಿರಿನ ಚಲನೆ ನಿಂತಿತೆಂದು ತಕ್ಷಣ ಎತ್ತಬಾರದು. ಕಡಿಮೆಯೆಂದರೂ ಹತ್ತು ನಿಮಿಷ ಅದೇ ನೀರಿನಲ್ಲಿ ಬಿಡಬೇಕು. ನಾನು ಅದಕ್ಕಿಂತ ಬಹಳ ಹೊತ್ತು ಬಿಟ್ಟೆ. ಕೋಣೆಯೆಲ್ಲ ಲವಂಗದ ವಾಸನೆ. ಆ ವಾರ ಅವ್ವ ಅನ್ನದ ಒಗ್ಗರಣೆಗೆ ಲವಂಗ ಹಾಕಲಿಲ್ಲ, ನಾನೂ ಕೇಳಲಿಲ್ಲ.

ನಮ್ಮ ಅಚ್ಚಿನ ಅಂಗಡಿಯ ಹಿಂದಿನ ದಾಸವಾಳದ ಬುಡದಲ್ಲಿ ಮೊಣಕಾಲುದ್ದ ಅಗೆದು ಮಣ್ಣು ಮಾಡಿದೆ. ಮೇಲೆಮೇಲೆ ಮುಚ್ಚಿದರೆ ಬೆಕ್ಕು ಕೆದಕುತ್ತದೆ. ಕೆರೆಗೆ ಹಾಕಿ ಬನ್ನಿ ಎಂಬ ಸಲಹೆಯೂ ಬಂತು. ಕುಂದವಾಡ ಕೆರೆ ಊರಿಗೆ ಕುಡಿಯುವ ನೀರು ಕೊಡುವ ಕೆರೆ. ತೊಟ್ಟಿಯ ಮೀನು, ಸತ್ತದ್ದಾಗಲಿ ಬದುಕಿದ್ದಾಗಲಿ, ಅಲ್ಲಿಗೆ ಹೋಗಕೂಡದು.

ಯುಗಾದಿಯ ಆಚೆ ಈಚೆ

ನಮ್ಮದು ಆಹ್ವಾನ ಪತ್ರಿಕೆ ಅಚ್ಚು ಹಾಕುವ ಮುದ್ರಣಾಲಯ. ತೊಟ್ಟಿ ಇರುವುದು ಗಿರಾಕಿಗಳು ಕೂರುವ ಬೆಂಚಿನ ಎದುರಿಗೆ. ಮನೆಯಲ್ಲಿ ಮೀನು ಸತ್ತರೆ ಮನೆಮಂದಿಗೆ ಒಂದು ಸಲ ಹೇಳಿದರೆ ಮುಗಿಯಿತು. ಅಂಗಡಿಯಲ್ಲಿ ಸತ್ತರೆ ಬಂದವರಿಗೆಲ್ಲ ಹೇಳಬೇಕು. ಲಗ್ನಪತ್ರಿಕೆಯ ಕಾಲ ಬೇರೆ. ಪ್ರೂಫ್ ನೋಡಲು ಬಂದವರು ಮೊದಲು ಕೇಳುವುದೇ "ಅಣ್ಣಾ, ಮೀನೆಲ್ಲಿ?" ಎಂದು. ಹೇಳಿದ ಮೇಲೆ ಎರಡು ಬಗೆಯ ಸಮಾಧಾನ ಬರುತ್ತಿತ್ತು. ಒಂದು: "ಮೀನು ತಾನೇ, ಇನ್ನೊಂದು ತಂದರಾಯಿತು." ಇನ್ನೊಂದು, ದನಿ ತಗ್ಗಿಸಿ: "ಒಳ್ಳೆಯದೇ ಆಯಿತು ಬಿಡಿ, ನಿಮಗೆ ಬರಬೇಕಾಗಿದ್ದ ಕಂಟಕವನ್ನು ಅದು ತೆಗೆದುಕೊಂಡು ಹೋಯಿತು."

ಮೊದಲನೆಯದಕ್ಕೆ ಸಿಟ್ಟು ಬರುತ್ತಿತ್ತು, ಎರಡನೆಯದಕ್ಕೆ ಅದಕ್ಕಿಂತ ಹೆಚ್ಚು. ನನ್ನ ಕಂಟಕ ಹೊರಲು ಅವನೇನು ಹರಕೆಯ ಕುರಿಯೇ? ಮೂತ್ರಪಿಂಡ ಸೋತು ಸತ್ತ, ಅಷ್ಟೇ. ಆದರೆ ಹಾಗೆ ಹೇಳಿದವರಲ್ಲಿ ಒಬ್ಬ ಅಜ್ಜಿ ಬೆಂಚಿನಿಂದ ಎದ್ದು ಬಂದು ಖಾಲಿ ತೊಟ್ಟಿಗೆ ಕೈಮುಗಿದರು. ಅಂಥವರ ಮುಂದೆ ಮೂತ್ರಪಿಂಡದ ಮಾತು ತೆಗೆಯಲು ಬಾಯಿ ಬರಲಿಲ್ಲ.

ಮೂರನೆಯ ಬಗೆಯವರೂ ಇದ್ದರು, ಮೀನು ಸಾಕಿ ಅನುಭವವಿರುವವರು: "ನೀರು ಬದಲಿಸಿರಲಿಲ್ಲವಾ? ಮೇವು ಹೆಚ್ಚಾಯಿತಾ?" ನಾನು ನೀರಿನ ಪರೀಕ್ಷೆಯ ಪುಸ್ತಕ ತೆರೆದು ಅವರ ಮುಂದಿಟ್ಟೆ. ಮೀನಿಗೆ ವಿಷವಾದ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ತಿಂಗಳುಗಟ್ಟಲೆ ಅದೇ ಸಾಲು. ಸಾವು ಬಂದಲ್ಲೆಲ್ಲ ತಪ್ಪಿತಸ್ಥರನ್ನು ಹುಡುಕುವ ಈ ಚಟ ಮೀನು ಸಾಕುವವರಲ್ಲಿ ವಿಪರೀತ. ವಯಸ್ಸಾದ ಮೀನಿನ ಅಂಗಾಂಗಗಳೂ ಸವೆಯುತ್ತವೆ.

ಯಂತ್ರ ನೋಡಿಕೊಳ್ಳುವ ಹುಡುಗ "ಕೆಂಚ ಲಿಂಗೈಕ್ಯನಾದ, ಶಿವಗಣಾರಾಧನೆಯ ಕಾರ್ಡು ಹಾಕೋಣವೇ ಸರ್?" ಎಂದು ಕೇಳಿದ. ತಮಾಷೆಗೇ ಕೇಳಿದ್ದು. ಆದರೆ ಮಧ್ಯಾಹ್ನ ನೋಡಿದರೆ ಉಳಿದ ಕಾಗದದ ಚೂರಿನ ಮೇಲೆ ನಿಜಕ್ಕೂ ಒಂದು ಅಚ್ಚು ತೆಗೆದಿದ್ದ, ಕಪ್ಪು ಅಂಚು ಸಮೇತ. "ನಮ್ಮ ಆತ್ಮೀಯ ಕೆಂಚ" ಎಂದಿತ್ತು. ಅದನ್ನು ಹರಿಯಲಿಲ್ಲ, ರಸೀದಿ ಪುಸ್ತಕದೊಳಗೆ ಇದೆ.

ಏಪ್ರಿಲ್, ತೊಟ್ಟಿಯ ಕೆಲಸ

ತೊಟ್ಟಿ ಬರಿದು ಮಾಡಿ, ಬ್ಲೀಚಿಂಗ್ ಪುಡಿಯಲ್ಲಿ ತೊಳೆದು, ಕವುಚಿ ಹಾಕಿ ಎಂಬುದು ಹಲವರ ಸಲಹೆ. ಸಾಂಕ್ರಾಮಿಕವೆಂದು ಖಚಿತವಾಗಿ ಗೊತ್ತಿದ್ದರೆ ಅದೇ ಸರಿ. ಇಲ್ಲಿ ಹಾಗೆ ಕಾಣಲಿಲ್ಲ. ನಾನು ತೊಳೆಯಲಿಲ್ಲ. ಕಾರಣ ಭಾವನೆಯೂ ಹೌದು, ರಸಾಯನಶಾಸ್ತ್ರವೂ ಹೌದು.

ಗೋಲ್ಡ್ ಫಿಷ್ ಬಹಳ ಗಲೀಜು ಮಾಡುವ ಮೀನು. ಹೊಟ್ಟೆ ಉಬ್ಬಿತ್ತು ಎಂದೆನಾದರೂ ಅದಕ್ಕೆ ನಮ್ಮಂತೆ ಜಠರವೇ ಇಲ್ಲ. ತಿಂದದ್ದು ನೇರ ಕರುಳಿಗೆ ಇಳಿಯುತ್ತದೆ. ಅದರ ಕಿವಿರಿನಿಂದ, ಕೊಳೆಯುವ ಹಿಕ್ಕೆಯಿಂದ ಅಮೋನಿಯಾ ಬರುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ಮೀನಿಗೆ ವಿಷ, ಮೂರನೆಯದು ಅಷ್ಟಲ್ಲ. ಹೊಸ ತೊಟ್ಟಿಯಲ್ಲಿ ಈ ವಸಾಹತು ನೆಲೆಗೊಳ್ಳಲು ವಾರಗಟ್ಟಲೆ ಬೇಕು. ನನ್ನ ಸ್ಪಂಜಿನಲ್ಲಿ ಇದ್ದದ್ದು ಕೆಂಚ ವರ್ಷಗಟ್ಟಲೆ ಉಣಿಸಿ ಸಾಕಿದ ವಸಾಹತು. ಉಣಿಸುವವನು ಹೋದ, ಉಣ್ಣುವವು ಇನ್ನೂ ಇದ್ದವು. ಬ್ಲೀಚಿಂಗ್ ಪುಡಿ ಹಾಕಿದರೆ ಅವೂ ಹೋಗುತ್ತವೆ. ಹಾಕಲು ಕೈ ಬರಲಿಲ್ಲ.

ಹಾಗಾಗಿ ಮೀನಿಲ್ಲದ ತೊಟ್ಟಿಗೆ ದಿನವೂ ಚಿಟಿಕೆ ಮೇವು ಹಾಕುವುದು ನನ್ನ ಕೆಲಸವಾಯಿತು. ಅದು ಕೊಳೆತು ಅಮೋನಿಯಾ ಆಗಬೇಕು, ಬ್ಯಾಕ್ಟೀರಿಯಾ ಅದನ್ನು ಉಣ್ಣಬೇಕು. ನೋಡಿದವರು ಇವನಿಗೆ ತಲೆ ಕೆಟ್ಟಿತು ಎಂದುಕೊಂಡಿರಲೂಬಹುದು. ಬೆಳಗ್ಗೆ ಷಟರ್ ಎತ್ತಿ, ದೀಪ ಹಚ್ಚಿ, ಊದುಬತ್ತಿ ತೋರಿಸಿ, ಮೇವಿನ ಡಬ್ಬಿ ಅಲ್ಲಾಡಿಸುವ ಅಭ್ಯಾಸ ಕೈಗೆ ಹತ್ತಿತ್ತು. ಡಬ್ಬಿಯ ಸದ್ದಿಗೆ ಯಾರೂ ಮೇಲೆ ಬಾರದಿರುವುದು ಮೊದಲ ದಿನಗಳಲ್ಲಿ ಕಷ್ಟವಾಯಿತು. ಆದರೂ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದರೆ ಇನ್ನೂ ಕಷ್ಟವಾಗುತ್ತಿತ್ತು ಎಂದೇ ನನ್ನ ಎಣಿಕೆ.

ಏಪ್ರಿಲ್ ಬಿಸಿಲು ನಿಮಗೆ ಗೊತ್ತಿರುವುದೇ. ನೀರು 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಈ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಕರೆಂಟು ಹೋಗಿ ಫಿಲ್ಟರ್ ತಾಸುಗಟ್ಟಲೆ ನಿಂತರೆ ಸ್ಪಂಜು ಒಳಗಿಂದ ಸಾಯಲಾರಂಭಿಸುತ್ತದೆ. ಗಾಳಿ ಪಂಪನ್ನು ಕಂಪ್ಯೂಟರಿನ ಯುಪಿಎಸ್‌ಗೆ ಜೋಡಿಸಿದೆ.

ಆವಿಯಾದಷ್ಟು ನೀರು ತುಂಬಿಸಬೇಕಲ್ಲ, ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದನ್ನು ಮುರಿಯಲು ಅಕ್ವೇರಿಯಂ ಅಂಗಡಿಯವರು ಕೊಡುವ ಬಿಳಿ ಹರಳು ಸೋಡಿಯಂ ಥಯೋಸಲ್ಫೇಟ್. ಫಿಲಂ ತೊಳೆದು ಪ್ಲೇಟು ಮಾಡುತ್ತಿದ್ದ ಕಾಲದ ಅಚ್ಚಿನವರಿಗೆ ಅದೇ "ಹೈಪೋ". ನಮ್ಮ ಕತ್ತಲೆಕೋಣೆಯಲ್ಲಿ ಉಳಿದಿದ್ದ ಡಬ್ಬಿಯನ್ನು ಮಾತ್ರ ಮುಟ್ಟಲಿಲ್ಲ. ಅದರಲ್ಲಿ ಇನ್ನೇನು ಬೆರೆತಿದೆಯೋ ಯಾರು ಬಲ್ಲರು. ಅಂಗಡಿಯಿಂದ ಹೊಸದನ್ನೇ ತಂದೆ.

ಬಸವ ಜಯಂತಿಯ ನಂತರ

ಕೆಂಚನಿದ್ದಾಗ ಒಂದು ಗಿಡವೂ ಉಳಿಯುತ್ತಿರಲಿಲ್ಲ. ಎಲೆ ತಿನ್ನುತ್ತಿದ್ದ, ಬೇರು ಕೀಳುತ್ತಿದ್ದ, ಕಿತ್ತದ್ದನ್ನು ಮೂಲೆಗೆ ಒಯ್ದು ಬಿಡುತ್ತಿದ್ದ. ಈಗ ನೆಟ್ಟ ವ್ಯಾಲಿಸ್ನೇರಿಯಾ ಮರಳಿನಡಿಯಲ್ಲೇ ಬಳ್ಳಿ ಹರಿಸಿ ಮರಿ ಹಾಕಿದೆ, ರಿಬ್ಬನ್ನಿನಂಥ ಎಲೆಗಳು ನೀರಿನ ಮೇಲ್ಮೈ ಮುಟ್ಟಿವೆ. ತೊಟ್ಟಿ ಎಂದೂ ಇಷ್ಟು ಚೆಂದ ಇರಲಿಲ್ಲ. ಇದನ್ನು ಬರೆಯುವಾಗ ಅವನಿಗೆ ದ್ರೋಹ ಬಗೆದಂತೆ ಒಂದು ಗಳಿಗೆ ಅನಿಸಿತು. ಆದರೆ ಚೆಂದವಾಗಿರುವುದು ನಿಜ.

ಜೂನ್

ಮಳೆ ಹಿಡಿದು ನೀರಿನ ಬಿಸಿ ಇಳಿದ ಮೇಲೆ ಪರೀಕ್ಷೆ ಮಾಡಿದೆ. ಮೇವಿನ ಪ್ರಮಾಣ ಹೆಚ್ಚಿಸಿ, ಪರೀಕ್ಷಾ ನಳಿಕೆಯಲ್ಲಿ ನೀರು ಹಸಿರಿಗೆ ತಿರುಗುವಷ್ಟು ಅಮೋನಿಯಾ ಏರಲು ಬಿಟ್ಟು, ಮೇವು ನಿಲ್ಲಿಸಿದೆ. ಮರುದಿನ ಅದೇ ಹೊತ್ತಿಗೆ ನಳಿಕೆ ಹಳದಿ, ಅಂದರೆ ಅಮೋನಿಯಾ ಸೊನ್ನೆ. ನೈಟ್ರೈಟ್ ಕೂಡ ಸೊನ್ನೆ. ವಸಾಹತು ಗಟ್ಟಿಯಾಗಿದೆ.

ಇನ್ನೊಂದು ಗೋಲ್ಡ್ ಫಿಷ್ ಈಗಲೇ ಬೇಡ. ಕಿತ್ತಳೆಯ ಬಣ್ಣ ಕಂಡರೆ ಅವನ ಚಹರೆಯನ್ನು ಅದಕ್ಕೆ ಹಚ್ಚುತ್ತೇನೆ, ಹೊಸ ಮೀನಿಗೆ ಅದು ಅನ್ಯಾಯ. ಹರಿಹರದ ಗಿರಾಕಿಯೊಬ್ಬರ ಬಳಿ ಜೀಬ್ರಾ ಡೇನಿಯೊಗಳಿವೆ. ನಮ್ಮ ದೇಶದ್ದೇ ಮೀನು, ನಾಲ್ಕೈದು ಸೆಂಟಿಮೀಟರ್ ಉದ್ದ, ನೀಲಿ ಪಟ್ಟೆ, ಗುಂಪಿನಲ್ಲಿ ಓಡಾಡುವ ಸ್ವಭಾವ. ಗಿಡ ಕೀಳುವುದಿಲ್ಲ. ಗೃಹಪ್ರವೇಶದ ಕಾರ್ಡು ಒಯ್ಯಲು ಬಂದಾಗ ಒಂದಿಷ್ಟು ತರುತ್ತೇನೆ ಎಂದಿದ್ದಾರೆ. ಅವು ನೇರವಾಗಿ ತೊಟ್ಟಿಗೆ ಇಳಿಯುವುದಿಲ್ಲ; ಕೆಲವು ವಾರ ಬೇರೆ ಟಬ್ಬಿನಲ್ಲಿರಬೇಕು. ಟಬ್ಬಿಗೆ ಹಳೆಯ ಸ್ಪಂಜಿನ ಒಂದು ತುಂಡು ಕತ್ತರಿಸಿ ಹಾಕಿದ್ದೇನೆ. ಹುಡುಗ ಆಗಲೇ ಹೆಸರುಗಳ ಪಟ್ಟಿ ಮಾಡಿದ್ದಾನೆ. ಎಲ್ಲ ಒಂದೇ ತರಹ ಕಾಣುವ ಮೀನುಗಳಿಗೆ ಯಾವ ಹೆಸರು ಯಾರದೆಂದು ಹೇಗೆ ಗುರುತಿಸುತ್ತೀಯೋ ಎಂದರೆ, ಅದು ಅವನ ಜವಾಬ್ದಾರಿಯಂತೆ. ಸದ್ಯಕ್ಕೆ ಗೃಹಪ್ರವೇಶದ ಕಾರ್ಡಿನ ಎರಡನೆಯ ಪ್ರೂಫಿನಲ್ಲಿ ಮುಹೂರ್ತದ ವೇಳೆ ತಪ್ಪಿದೆ. ಅದು ತಿದ್ದಿ ಅಚ್ಚಾಗದೆ ಅವರು ಹರಿಹರದಿಂದ ಹೊರಡುವುದಿಲ್ಲ.