ಎತ್ತಿಗೆ ಜ್ವರ, ಬ್ಯಾಟರಿಗೆ ಬರೆ

ಜೂನ್‌ನಲ್ಲಿ ಮಳೆ ಹಿಡಿದು ಕೂತಿತೆಂದರೆ ಈ ಪ್ರಶ್ನೆ ತಪ್ಪಿದ್ದಲ್ಲ: ‘ಹಳೆ ಬೈಕು. ಹೆಡ್‌ಲೈಟು ಡಿಮ್, ಹಾರ್ನು ಗೊರಗೊರ ಅನ್ನುತ್ತೆ, ಇಂಡಿಕೇಟರ್ ಒಂದು ಸಲ ಮಿನುಗಿ ನಿಲ್ಲುತ್ತೆ. ಹೊಸ ಬ್ಯಾಟರಿ ಹಾಕಿಸಲೇ?’

ಸದ್ಯಕ್ಕೆ ಬೇಡ. ಕೊಡಗಿನ ಮಳೆಯಲ್ಲಿ ಹಳೆ ಬೈಕಿನ ಕರೆಂಟು ಕೈಕೊಡುವುದು ಹೆಚ್ಚಾಗಿ ಬ್ಯಾಟರಿಯಲ್ಲಲ್ಲ, ವೈರು ವೈರು ಸೇರುವ ಜಾಗದಲ್ಲಿ. ಹಿತ್ತಾಳೆಯ ಕನೆಕ್ಟರ್‌ಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ, ಅರ್ತ್ (ಕರೆಂಟು ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ) ಬೋಲ್ಟಿನಡಿ ತುಕ್ಕು ಕೂರುತ್ತದೆ. ಹೊಸ ಬ್ಯಾಟರಿ ಹಾಕಿದ ವಾರ ಎಲ್ಲ ಸರಿಹೋದಂತೆ ಕಾಣುತ್ತದೆ. ಆಮೇಲೆ ಅದೇ ಹಾಡು.

ಮೀಟರ್ ಹಿಡಿಯುವ ಮುಂಚೆ ನಿಮ್ಮ ಬೈಕು ಯಾವ ಜಾತಿಯದು ಗೊತ್ತಿರಲಿ. ಸಿಡಿ 100, ಹಳೆ ಸ್ಪ್ಲೆಂಡರ್‌ಗಳಲ್ಲಿ ಹೆಡ್‌ಲೈಟಿಗೆ ಕರೆಂಟು ಬರುವುದು ನೇರ, ಎಂಜಿನ್ ತಿರುಗಿದಾಗ ಕರೆಂಟು ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್‌ನಿಂದ. ಹಾರ್ನು, ಇಂಡಿಕೇಟರ್, ಬ್ರೇಕ್‌ಲೈಟು ಮಾತ್ರ ಬ್ಯಾಟರಿಯವು. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟೊಡನೆ ಲೈಟು ಮಂಕಾದರೆ ಅದು ಇಂಥ ಬೈಕಿನ ಜಾಯಮಾನ, ರೋಗವಲ್ಲ. ಕೆಳಗಿನ ಗೇರಿನಲ್ಲಿ ಇಳಿಯಿರಿ, ಅಷ್ಟೇ. ಪಾಯಿಂಟು (ಕಿಡಿ ಹುಟ್ಟಿಸಲು ಕರೆಂಟು ಕಡಿದು ಕೊಡುವ ಸಣ್ಣ ಸ್ವಿಚ್ಚು) ಇರುವ ಹಳೆ ಬುಲೆಟ್‌ನಲ್ಲಿ ಹಾಗಲ್ಲ: ಅಲ್ಲಿ ಬ್ಯಾಟರಿ ಸತ್ತರೆ ಪ್ಲಗ್ಗಿಗೂ ಕಿಡಿ ಇಲ್ಲ.

ಬ್ಯಾಟರಿಯನ್ನೂ ಒಮ್ಮೆ ನೋಡಿಬಿಡಿ, ಐದು ನಿಮಿಷದ ಕೆಲಸ. ರಾತ್ರಿ ನಿಲ್ಲಿಸಿದ ಬೈಕಿನಲ್ಲಿ ಬೆಳಿಗ್ಗೆ ಅಳೆದಾಗ 12 ವೋಲ್ಟಿನ ಬ್ಯಾಟರಿ 12.6 ವೋಲ್ಟಿಗಿಂತ ಮೇಲಿದ್ದರೆ ಹೊಟ್ಟೆ ತುಂಬಿದೆ, 12.2 ಇದ್ದರೆ ಅರ್ಧ, 12ರ ಕೆಳಗೆ ಬಹುತೇಕ ಖಾಲಿ. ಖಾಲಿ ಇದ್ದರೆ ಹೊರಗೆ ಚಾರ್ಜ್ ಮಾಡಿಸಿ, ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ತುಂಬಿದ್ದು ತಾನಾಗಿಯೇ ಇಳಿದಿದ್ದರೆ ಮಾತ್ರ ಅದರ ಆಯಸ್ಸು ಮುಗಿದಿದೆ. ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. (ಆಕಾಶದಿಂದ ಇಷ್ಟೊಂದು ಸುರಿಯುತ್ತಿದೆಯಲ್ಲ ಅಂತ ಹೆಂಚಿನ ನೀರು ಹಿಡಿದು ಹಾಕುವವರಿದ್ದಾರೆ. ಬೇಡ.)

ಈಗ ನಿಜವಾದ ಪರೀಕ್ಷೆ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಲೈಟು ಹಾಕಿ, ಏಕೆಂದರೆ ಕರೆಂಟು ಹರಿಯದಿದ್ದರೆ ಕಿಲುಬು ಮೀಟರಿಗೆ ಸಿಕ್ಕಿಬೀಳುವುದಿಲ್ಲ. ಸಿಡಿ 100 ಥರದ ಬೈಕಾದರೆ ಬ್ರೇಕ್‌ಲೈಟು ಒತ್ತಿಹಿಡಿದು ಮಾಡಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಬಲ್ಬ್ ಹೋಲ್ಡರ್‌ನ ಅರ್ತಿಗೆ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೆಟ್ಟಿದೆ. ಎರಡನೆಯ ಕಡ್ಡಿಯನ್ನು ಹ್ಯಾಂಡಲ್, ಫ್ರೇಮ್, ಎಂಜಿನ್ ಬೋಲ್ಟ್ ಹೀಗೆ ಬ್ಯಾಟರಿಯತ್ತ ಸರಿಸುತ್ತಾ ಬನ್ನಿ. ಅಂಕಿ ಎಲ್ಲಿ ದಡಕ್ಕನೆ ಇಳಿಯುತ್ತದೋ, ಕಳ್ಳ ಆ ಎರಡು ಜಾಗಗಳ ನಡುವೆ ಇದ್ದಾನೆ. ಪ್ಲಸ್ ಕಡೆಯೂ ಹೀಗೇ: ಬ್ಯಾಟರಿ ಪ್ಲಸ್‌ನಿಂದ ಬಲ್ಬಿಗೆ ಬರುವ ವೈರಿನ ತನಕ ಅರ್ಧ ವೋಲ್ಟ್ ಮೀರಬಾರದು. ಮೀರಿದರೆ ಫ್ಯೂಸಿನ ಎರಡೂ ಬದಿ, ಕೀ ಸ್ವಿಚ್ಚಿನ ಎರಡೂ ಬದಿ, ಹ್ಯಾಂಡಲ್ ಸ್ವಿಚ್ಚಿನ ಎರಡೂ ಬದಿ ಬೇರೆಬೇರೆಯಾಗಿ ಅಳೆಯಿರಿ.

ಅರ್ಧ ವೋಲ್ಟಿಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೇ? ಬೇಕು. ಬಲ್ಬಿಗೆ ವೋಲ್ಟೇಜ್ ಶೇ. 10 ಕಡಿಮೆಯಾದರೆ ಬೆಳಕು ಸುಮಾರು ಶೇ. 30 ಕುಸಿಯುತ್ತದೆ. 35 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ಎಳೆಯುವುದು 3 ಆಂಪಿಯರ್. ಕಿಲುಬಿನ ತಡೆ 0.2 ಓಮ್ ಇದ್ದರೆ 0.6 ವೋಲ್ಟ್ ಅಲ್ಲೇ ಸೋರಿತು. 6 ವೋಲ್ಟಿನ ಬೈಕಿನಲ್ಲಿ ಅದೇ ಬಲ್ಬು ಹತ್ತಿರ ಹತ್ತಿರ 6 ಆಂಪಿಯರ್ ಎಳೆಯುತ್ತದೆ, ಅದೇ ಕಿಲುಬು ಒಂದು ವೋಲ್ಟ್ ನುಂಗುತ್ತದೆ, ಬೆಳಕು ಅರ್ಧಕ್ಕೆ ಬರುತ್ತದೆ. 6 ವೋಲ್ಟಿನ ಹಳೆ ಯೆಜ್ದಿಗೆ ‘ಮೊಂಬತ್ತಿ ಲೈಟು’ ಎಂಬ ಅಪಖ್ಯಾತಿ ಅಂಟಿದ್ದರಲ್ಲಿ ಇದರ ಪಾಲೂ ಇದೆ.

ಕಿಲುಬಿನ ಅಡಗುತಾಣಗಳು ಹೆಚ್ಚಿಲ್ಲ. ಹೆಡ್‌ಲೈಟ್ ಡೂಮಿನೊಳಗಿನ ಕನೆಕ್ಟರ್‌ಗಳು, ಟ್ಯಾಂಕಿನಡಿಯ ಕಪ್ಲರ್, ಬ್ಯಾಟರಿ ಪೆಟ್ಟಿಗೆಯ ಬೋಲ್ಟು, ಹಿಂದಿನ ಮಡ್‌ಗಾರ್ಡಿನ ಅರ್ತ್. ಗಾಜಿನ ಫ್ಯೂಸಿದ್ದರೆ ಅದರ ಹೋಲ್ಡರ್ ಕೂಡ. ಸ್ಪ್ರಿಂಗ್ ಸಡಿಲಾಗಿ ಬಿಸಿಯಾಗುತ್ತದೆ. ಫ್ಯೂಸು ಹೋದಾಗ ಸಿಗರೇಟ್ ಪೊಟ್ಟಣದ ಬೆಳ್ಳಿಕಾಗದ ಸುತ್ತಿದರೆ ಮುಂದಿನ ಸಲ ಸುಡುವುದು ವೈರಿಂಗು. ಪೇಂಟ್ ಮಾಡಿಸಿದ ಬೈಕಿನಲ್ಲಿ ಇನ್ನೊಂದು ಕಾಟ: ಅರ್ತ್ ಬೋಲ್ಟು ಕೂರುವಲ್ಲೂ ಬಣ್ಣ ಬಿದ್ದಿರುತ್ತದೆ. ಥಳಥಳ ಹೊಳೆಯುವ ಬೈಕು, ಲೈಟು ಮಾತ್ರ ಮಿಣಿಮಿಣಿ.

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಕನೆಕ್ಟರ್‌ಗಳನ್ನು ಸಣ್ಣ ಉಪ್ಪುಕಾಗದದಲ್ಲಿ ಹಿತ್ತಾಳೆ ಹೊಳೆಯುವ ತನಕ ಉಜ್ಜಿ, ಸಡಿಲಾದ ಹೆಣ್ಣು ತುದಿಯನ್ನು ಇಕ್ಕಳದಲ್ಲಿ ಮೆಲ್ಲಗೆ ಒತ್ತಿ ಬಿಗಿಮಾಡಿ. ಜೋಡಿಸಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಬಳಿಯಿರಿ. ಇನ್ಸುಲೇಷನ್ ಟೇಪ್ ಸುತ್ತಬೇಡಿ. ಕಕ್ಕಡದ (ಕೊಡಗಿನ ಜುಲೈ-ಆಗಸ್ಟ್ ಮಳೆಯ ತಿಂಗಳು) ಥಂಡಿಯಲ್ಲಿ ಅದು ನೀರನ್ನು ಒಳಗೇ ಹಿಡಿದಿಡುತ್ತದೆ. ಬ್ಯಾಟರಿ ಮೈನಸ್‌ನಿಂದ ಎಂಜಿನ್ ಬೋಲ್ಟಿಗೂ ಹೆಡ್‌ಲೈಟ್ ಡೂಮಿಗೂ 2.5 ಚದರ ಮಿ.ಮೀ. ವೈರು ಬೇರೆಯಾಗಿ ಎಳೆದುಬಿಟ್ಟರೆ ಅರ್ಧ ತಲೆನೋವು ಹೋಯಿತು.

ಚಾರ್ಜಿಂಗ್ ನೋಡಲು ಎಂಜಿನ್ ಚಾಲೂ ಮಾಡಿ, ಸ್ವಲ್ಪ ರೈಸ್ ಕೊಟ್ಟು ಬ್ಯಾಟರಿ ಮೇಲೆ ಅಳೆಯಿರಿ. 13.8ರಿಂದ 14.5 ಬಂದರೆ ಸರಿ. 15 ದಾಟಿದರೆ ಚಾರ್ಜಿಂಗನ್ನು ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ. 13ರ ಮೇಲೆ ಏರದಿದ್ದರೆ ಮ್ಯಾಗ್ನೆಟ್ ಕಾಯಿಲ್ ವೈರು ಬಿಚ್ಚಿ ಎಸಿ ವೋಲ್ಟೇಜ್ ನೋಡಿ: ರೈಸ್ ಜೊತೆ ಅದೂ ಏರಿದರೆ ಕಾಯಿಲ್ ನಿರಪರಾಧಿ, ಸಂಶಯ ರೆಗ್ಯುಲೇಟರ್ ಮೇಲೆ. ರೆಗ್ಯುಲೇಟರ್ ಕೊಳ್ಳುವ ಮುಂಚೆ ಅದರ ಅರ್ತನ್ನೂ ಉಜ್ಜಿ ನೋಡಿ.

ಮಳೆಯಲ್ಲಿ ಓಡುತ್ತಾ ಓಡುತ್ತಾ ಬೈಕು ತೊದಲಿ ನಿಂತರೆ ಸಂಶಯ ಪ್ಲಗ್ ಕ್ಯಾಪಿನ ಮೇಲೆ. ಕತ್ತಲಾದ ಮೇಲೆ ಎಂಜಿನ್ ಚಾಲೂ ಇಟ್ಟು, ಕೈ ದೂರವಿಟ್ಟು, ಹೂಗಿಡಕ್ಕೆ ಹೊಡೆಯುವ ಸ್ಪ್ರೇನಲ್ಲಿ ಕ್ಯಾಪು, ಪ್ಲಗ್ಗಿಗೆ ಕರೆಂಟು ಕೊಡುವ ಇಗ್ನಿಷನ್ ಕಾಯಿಲ್ ಮೇಲೆ ನೀರು ಚಿಮುಕಿಸಿ. ನೀಲಿ ಕಿಡಿ ಸಿಲಿಂಡರಿಗೆ ಹಾರುವುದು ಕಣ್ಣಿಗೇ ಕಾಣುತ್ತದೆ. ಕ್ಯಾಪ್ ಬದಲಿಸಿ, ವೈರಿನ ಕಪ್ಪಾದ ತುದಿ 5 ಮಿ.ಮೀ. ಕತ್ತರಿಸಿ ಮತ್ತೆ ತಿರುಗಿಸಿ ಕೂರಿಸಿ. ತಣ್ಣಗಿದ್ದಾಗ ಸ್ಟಾರ್ಟಾಗಿ, ಬಿಸಿಯಾದೊಡನೆ ನಿಂತು, ಕಾಲು ಗಂಟೆ ಬಿಟ್ಟರೆ ಮತ್ತೆ ಓಡುವ ಪಾಯಿಂಟ್ ಬೈಕಾದರೆ ಮೊದಲು ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಬದಲಿಸಿ. ಬುಲೆಟ್‌ನ ಪಾಯಿಂಟ್ ಗ್ಯಾಪು 0.35ರಿಂದ 0.40 ಮಿ.ಮೀ.

ವಾರಗಟ್ಟಲೆ ಕಾಫಿ ಗೋದಾಮಿನಲ್ಲಿ ನಿಂತ ಬೈಕಿನ ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ ಸೋರಿಕೆ ಹುಡುಕಿ. ಕೀ ಆಫ್ ಮಾಡಿ, ಮೈನಸ್ ಬಿಚ್ಚಿ, ನಡುವೆ ಮೀಟರನ್ನು 10 ಆಂಪಿಯರ್‌ನಲ್ಲಿ ಸೇರಿಸಿ, ಆಮೇಲೆ ಮಿಲಿ ಆಂಪಿಯರ್‌ಗೆ ಇಳಿಸಿ. ಗಡಿಯಾರವಿಲ್ಲದ ಹಳೆ ಬೈಕಿನಲ್ಲಿ ಸೊನ್ನೆ ಕಾಣಬೇಕು. 50 ಮಿಲಿ ಆಂಪಿಯರ್ ಸೋರಿದರೂ 5 ಆಂಪಿಯರ್ ಅವರ್‌ನ ಬ್ಯಾಟರಿ ನಾಲ್ಕು ದಿನಕ್ಕೆ ಖಾಲಿ. ರೆಗ್ಯುಲೇಟರ್ ಬಿಚ್ಚಿದಾಗ ಅಂಕಿ ಸೊನ್ನೆಗೆ ಬಂದರೆ ತಪ್ಪು ಅದರ ಡಯೋಡಿನದು. ಬರದಿದ್ದರೆ ಸೀಟು ತೆಗೆದು ನೋಡಿ, ಇಲಿ ಕಡಿದಿರುತ್ತದೆ.